ಹಳೆ ಶಾಫ್ಟಿನ ಲೈನು

ನನ್ನ ದೊಡ್ಡಣ್ಣನನ್ನು ಗಣಿಯಲ್ಲಿ ಎಲ್ಲರೂ ಲೈನಣ್ಣ ಅಂತಲೇ ಕರೆಯುವುದು. ಕರೆಂಟಿನ ಲೈನಲ್ಲ, ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡುವ ಲೈನು. ಅವನ ಬಗ್ಗೆ ಒಳ್ಳೆಯದು ಹೇಳುವವರು ಬೇಕಾದಷ್ಟು ಜನ ಇದ್ದಾರೆ, ಆ ಕೆಲಸ ಅವರೇ ಮಾಡಲಿ. ನಾನು ಅವನ ಒಡಹುಟ್ಟಿದವಳು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಾವು ಮೂವರು. ಅವನು ದೊಡ್ಡವನು, ನಡುವೆ ನಾನು, ನನ್ನ ಹಿಂದೆ ಚಿಕ್ಕೋನು. ಅಪ್ಪ ಅದೇ ಗಣಿಯ ಧೂಳು ಕುಡಿದು ಕೆಮ್ಮಿ ಕೆಮ್ಮಿ ಹೋದ. ಅಮ್ಮ ಅವನ ಹಿಂದೆಯೇ ಹೋದಳು. ಆಗ ದೊಡ್ಡಣ್ಣನಿಗೆ ಇನ್ನೂ ಮೀಸೆ ಸರಿಯಾಗಿ ಮೂಡಿರಲಿಲ್ಲ. ಟೆಲಿಫೋನ್ ಕಂಬ ಹತ್ತುವ ಕೆಲಸಕ್ಕೆ ಸೇರಿ ನಮ್ಮಿಬ್ಬರನ್ನು ಸಾಕಿದ. ಹೊಡೆಯುವಾಗ ಅಪ್ಪ, ಬಡಿಸುವಾಗ ಅಮ್ಮ. ಮದುವೆ ಮಾಡಿಕೋ ಅಂದರೆ "ಮೊದ್ಲು ನಿಮ್ದು ಆಗ್ಲಿ" ಅನ್ನುತ್ತಿದ್ದ. ನನ್ನದು ಆಯಿತು, ಮುರಿಯಿತು, ಪೆಟ್ಟಿಗೆ ಹೊತ್ತುಕೊಂಡು ವಾಪಸು ಬಂದೆ. ಬಾಗಿಲಲ್ಲಿ ನಿಂತಿದ್ದವನು ಯಾಕೆ, ಏನು ಅಂತ ಒಂದು ಮಾತು ಕೇಳಲಿಲ್ಲ. ಪೆಟ್ಟಿಗೆ ತೆಗೆದುಕೊಂಡು ಹೋಗಿ ಒಳಗಿಟ್ಟ. ಆ ಋಣ ನನ್ನ ಮೇಲಿದೆ, ಇಲ್ಲ ಅನ್ನುವುದಿಲ್ಲ.

ನನಗೆ ಗಣಿ ಬಾಯಿಯ ದೀಪದ ಕೋಣೆಯಲ್ಲಿ ಕೆಲಸ ಕೊಡಿಸಿದವನೂ ಅವನೇ. ಕೆಳಗಿಳಿಯುವವರಿಗೆ ಚಾರ್ಜ್ ಆದ ದೀಪ ಕೊಡುವುದು, ಮೇಲೆ ಬಂದವರಿಂದ ವಾಪಸು ಪಡೆಯುವುದು, ನಡುವೆ ಅವರಿವರ ಕಿವಿ ಹಿಂಡುವುದು, ಇಷ್ಟೇ ನನ್ನ ಕೆಲಸ. ಚಿಕ್ಕೋನು ಕೆಳಗೆ ಪಂಪು ರಿಪೇರಿ ಮಾಡುವ ಫಿಟ್ಟರ್ ಆದ. ಅವನಿಗೂ ಹೆಂಡತಿ ಬಂದಳು. ನಾಲ್ವರೂ ಗಣಿಯವರ ಒಂದೇ ಕ್ವಾರ್ಟರ್ಸಿನಲ್ಲಿ ಇದ್ದೆವು.

ಗಣಿಗೆ ಕಂಪ್ಯೂಟರು ಬಂದಾಗ ಕಂಬದಿಂದ ಇಳಿದ ದೊಡ್ಡಣ್ಣ ಅದನ್ನೂ ಹಠ ಹಿಡಿದು ಕಲಿತ. ನಮ್ಮಲ್ಲಿ ಜಾಗ ಮೂರು: ಗೇಟಿನ ಹತ್ತಿರ ಆಫೀಸು, ದೂರದಲ್ಲಿ ಗಣಿ ಬಾಯಿ, ಗುಡ್ಡದಾಚೆ ಹಳೆ ಶಾಫ್ಟು, ಅಂದರೆ ಕೆಳಗೆ ಗಾಳಿ ಕಳಿಸುವ ಫ್ಯಾನು ಕೂರಿಸಿದ ಆಳದ ಬಾವಿ. ಮೂರು ಕಡೆಯೂ ಒಂದೊಂದು ರೂಟರ್ ಇಟ್ಟು, ನಡುವೆ ಕಂಬಗಳ ಮೇಲಿದ್ದ ಹಳೆ ಟೆಲಿಫೋನ್ ತಂತಿಯನ್ನೇ ಜೋಡಿಸಿದ್ದರು. ಸೀರಿಯಲ್ ಲೈನು ಅನ್ನುತ್ತಾರೆ. ಒಬ್ಬರ ಹಿಂದೆ ಒಬ್ಬರು ಮಾತ್ರ ಹೋಗಬಹುದಾದ ಓಣಿಯಂಥದ್ದು, ನಿಧಾನ.

ಹಳೆ ಶಾಫ್ಟಿನ ಕೆಳಗೆ ಒಂದು ಹಳೆ ಸುರಂಗ. ಅಲ್ಲಿ ಉಸಿರಾಡುವ ಗಾಳಿ ಎಷ್ಟಿದೆ ಅಂತ ಅಳೆಯುವುದಕ್ಕೆ ಒಂದು ಪೆಟ್ಟಿಗೆ. ಗಣಿ ಬಾಯಿಯ ಕಂಟ್ರೋಲ್ ರೂಮಿನ ಪರದೆ ಆಗಾಗ ಕೇಳುತ್ತದೆ, ಪೆಟ್ಟಿಗೆ ಉತ್ತರ ಕೊಡುತ್ತದೆ, ಪರದೆಯ ಮೇಲೆ ಅಂಕಿ ಬರುತ್ತದೆ. ಹಸಿರಾದರೆ ಸರಿ, ಕೆಂಪಾದರೆ ಯಾರೂ ಕಾಲಿಡುವ ಹಾಗಿಲ್ಲ. ಆ ಸುರಂಗಕ್ಕೆ ಹೋಗುವವನು ಮೊದಲು ಕೆಳಗಿನ ಫೋನಿನಿಂದ ಕೇಳಬೇಕು. ಪರದೆ ಕಾಯುವವನು ಅಂಕಿ ಓದಿ "ಹೋಗು" ಅಂದ ಮೇಲೆಯೇ ಹೋಗಬೇಕು. ಚಿಕ್ಕೋನ ಜೀವ ಆ ಅಂಕಿಯ ಮೇಲೆ ನಿಂತಿತ್ತು. ಅದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು.

ಆ ಅಂಕಿ ಪರದೆಗೆ ಮೊದಲ ಸಲ ಬಂದ ದಿನ ಸಂಜೆ ಊಟಕ್ಕೆ ಕೂತಾಗ ದೊಡ್ಡಣ್ಣ ಎದೆಯುಬ್ಬಿಸಿಕೊಂಡು ಬಂದ. ಆ ಪೆಟ್ಟಿಗೆ ಹಳೇ ಕಾಲದ್ದು, ಅದಕ್ಕೆ ವಿಳಾಸ ಅನ್ನುವುದೇ ಗೊತ್ತಿಲ್ಲ, ಆದರೂ ಅದರ ಅಂಕಿಯನ್ನು ಗಣಿ ಬಾಯಿವರೆಗೆ ತಂದುಬಿಟ್ಟೆ ಅಂದ.

"ಹೇಗೆ ತಂದೆ?" ಅಂತ ಚಿಕ್ಕೋನು ಕೇಳಿದ.

"ಬ್ರಿಡ್ಜ್ ಮಾಡಿದೆ. ಸಾಮಾನ್ಯವಾಗಿ ರೂಟ್ ಮಾಡ್ತಾರೆ. ರೂಟ್ ಅಂದ್ರೆ ಮನೆಮನೆಗೂ ಬಾಗಿಲು, ಬಾಗಿಲಲ್ಲೊಬ್ಬ ಕಾವಲುಗಾರ. ಆಚೆ ಮನೆ ವಿಳಾಸ ಬರ್ದಿದ್ರೆ ಮಾತ್ರ ದಾಟಿಸ್ತಾನೆ. ಬ್ರಿಡ್ಜ್ ಅಂದ್ರೆ ಗೋಡೆನೇ ಕೆಡವಿದ ಹಾಗೆ. ಮೂರೂ ಜಾಗ ಒಂದೇ ಮನೆ. ಒಂದು ಕಡೆ ಕೂಗಿದ್ದು ಎಲ್ಲಾ ಕಡೆ ಕೇಳುತ್ತೆ. ವಿಳಾಸನೇ ಬೇಕಿಲ್ಲ."

"ಹಾಗಾದ್ರೆ ಆಫೀಸಿನವರ ಕಿರುಚಾಟನೂ ಆ ಓಣೀಲೇ ಹೋಗ್ಬೇಕಲ್ಲ?" ಅಂದೆ. ನನಗೇನು ತಿಳಿಯುತ್ತದೆ, ಮಾತಿಗೆ ಮಾತು ಅಂತ ಅಂದದ್ದು.

"ಹೋಗುತ್ತೆ. ಅದಕ್ಕೇ ಇದು ತಾತ್ಕಾಲಿಕ. ವಿಳಾಸ ಗೊತ್ತಿರೋ ಹೊಸ ಪೆಟ್ಟಿಗೆ ಬರೋವರೆಗೂ."

"ನಮ್ಮಣ್ಣನ ತಾತ್ಕಾಲಿಕ ಗೊತ್ತಲ್ಲ ಅಕ್ಕ," ಅಂತ ಚಿಕ್ಕೋನು ನಕ್ಕ. "ಬಚ್ಚಲುಮನೆ ಬಾಗಿಲಿಗೆ ಗೋಣಿಚೀಲ ಕಟ್ಟಿದ್ದೂ ತಾತ್ಕಾಲಿಕನೇ."

ಎಲ್ಲರೂ ನಕ್ಕೆವು. ದೊಡ್ಡಣ್ಣನೂ ನಕ್ಕ.

ಹೊಸ ಪೆಟ್ಟಿಗೆ ಬಂತು. ಉಗ್ರಾಣದಲ್ಲಿ ಕೂತಿತು. ಅದನ್ನು ಹಾಕಿ, ಬ್ರಿಡ್ಜ್ ತೆಗೆದು ರೂಟ್ ಮಾಡಬೇಕಾದರೆ ಕೆಲಸ ನಿಲ್ಲಿಸಬೇಕು. ಮ್ಯಾನೇಜರು ಅಡ್ಡ ಬರಲಿಲ್ಲ, ಯಾವ ಭಾನುವಾರ ಬೇಕಾದರೂ ಮಾಡಿಕೋ ಅಂದರು. ಒಂದು ಭಾನುವಾರ ಅವನಿಗೆ ಮೈ ಹುಷಾರಿರಲಿಲ್ಲ. ಇನ್ನೊಂದು ಭಾನುವಾರ ನೆಂಟರು ಬಂದರು. ಆಮೇಲೆ ಕಾರಣವನ್ನೂ ಹುಡುಕಲಿಲ್ಲ. ಕೇಳಿದರೆ "ನಡೀತಿದೆಯಲ್ಲ" ಅನ್ನುತ್ತಿದ್ದ. ಮೂರು ಜಾಗವನ್ನು ಒಂದು ಮಾಡಿದವನು ಅಂತ ಊರೆಲ್ಲ ಹೊಗಳಿತ್ತು, ಆ ಹೊಗಳಿಕೆ ತಲೆಗೇರಿತ್ತು. ತಾನೇ ಕಟ್ಟಿದ್ದನ್ನು ತಾನೇ ಕೆಡವುವುದಕ್ಕೆ ಅವನಿಗೆ ಮನಸ್ಸು ಬರಲಿಲ್ಲ. ನಾನು ಹೀಗೆ ಹೇಳುವುದು ಅವನಿಗೂ ಗೊತ್ತು.

ಆ ದಿನ ಬೆಳಿಗ್ಗೆ ಚಿಕ್ಕೋನು ಎಂದಿನಂತೆ ನನ್ನ ಕೈಯಿಂದ ದೀಪ ಇಸ್ಕೊಂಡು, "ಚೆನ್ನಾಗಿ ಒರೆಸಿದ್ದೀಯಾ, ಇಲ್ಲ ನಿನ್ನ ಮುಖದ ಹಾಗೇ ಇಟ್ಟಿದ್ದೀಯಾ?" ಅಂತ ರೇಗಿಸಿ ಇಳಿದ. ಹಳೆ ಸುರಂಗದ ಪಂಪು ಕೆಟ್ಟಿತ್ತು.

ಆಫೀಸಿನಲ್ಲಿ ಹಾಜರಿ ಗುಮಾಸ್ತರು ಅಂತ ಒಬ್ಬರು. ಬಲು ಅಚ್ಚುಕಟ್ಟು ಮನುಷ್ಯ, ಮೇಜಿನ ಮೇಲೆ ಪೆನ್ನು ಓರೆಯಾಗಿದ್ದರೂ ನಿದ್ದೆ ಬಾರದು. ಗೋಡೆಯ ಪಕ್ಕ ನೆಟ್‌ವರ್ಕ್ ಕೇಬಲ್ಲಿನ ಒಂದು ತುದಿ ನೆಲದ ಮೇಲೆ ಬಿದ್ದಿರುವುದು ಅವರ ಕಣ್ಣಿಗೆ ಬಿತ್ತು. ಕಾಲಿಗೆ ತೊಡರೀತು ಅಂತ ಎತ್ತಿ, ಮೇಜಿನಡಿಯ ನೆಟ್‌ವರ್ಕ್ ಡಬ್ಬಿಯಲ್ಲಿ ಖಾಲಿ ಕಂಡ ತೂತಿಗೆ ಸಿಕ್ಕಿಸಿದರು. ಇನ್ನೊಂದು ತುದಿಯೂ ಅದೇ ಡಬ್ಬಿಗೆ ಸೇರಿತ್ತು. ಒಂದು ಕೂಗು ಆ ಕೇಬಲ್ಲಿನೊಳಗೆ ಹೋಗಿ, ಸುತ್ತಿ ಬಂದು, ಎರಡಾಗಿ, ನಾಲ್ಕಾಗಿ, ನಿಲ್ಲದ ಹಾಗಾಯಿತು. ನಡುವೆ ಗೋಡೆ ಇರಲಿಲ್ಲವಲ್ಲ, ಆ ಗದ್ದಲವೆಲ್ಲ ಸೀರಿಯಲ್ ಲೈನಿಗೆ ನುಗ್ಗಿತು. ಗಣಿ ಬಾಯಿ ದಾಟಿ ಹಳೆ ಶಾಫ್ಟಿನ ಲೈನೂ ತುಂಬಿಹೋಯಿತು. ಪರದೆ ಕೇಳುವ ಪ್ರಶ್ನೆಗೆ ಅದರಲ್ಲಿ ಜಾಗವೇ ಇಲ್ಲ. ಉತ್ತರ ಬಾರದಿದ್ದರೆ ಪರದೆ ಸುಮ್ಮನೆ ಹಿಂದಿನ ಅಂಕಿಯನ್ನೇ ತೋರಿಸುತ್ತಿತ್ತು. ಹಸಿರಾಗಿ.

ಅದೇ ಹೊತ್ತಿಗೆ ಶಾಫ್ಟಿನ ಫ್ಯಾನಿನ ಬೆಲ್ಟು ಹರಿಯಿತು. ಸುರಂಗದಲ್ಲಿ ಗಾಳಿ ಕೆಡುತ್ತಾ ಬಂತು. ಪೆಟ್ಟಿಗೆಗೆ ಅದು ಗೊತ್ತಿತ್ತು, ಆದರೆ ಕೇಳುವವರ ದನಿ ಅದನ್ನು ಮುಟ್ಟಲೇ ಇಲ್ಲ.

ಹಾಜರಿ ಮೆಷಿನ್ ನಿಂತಿದೆ, ಗೇಟಿನಲ್ಲಿ ಜನ ಸಾಲುಗಟ್ಟಿದ್ದಾರೆ ಅಂತ ಗಣಿ ಬಾಯಿಯಲ್ಲಿದ್ದ ದೊಡ್ಡಣ್ಣನಿಗೆ ಫೋನು ಬಂತು. ತನ್ನ ಮೇಜಿನ ಪಕ್ಕದ ರೂಟರ್ ನೋಡಿದ. ದೀಪಗಳು ಬಿಡುವಿಲ್ಲದೆ ಮಿನುಗುತ್ತಿದ್ದವು. ಲೈನಿಗೆ ಜೀವವಿದೆ ಅಂದುಕೊಂಡ. ಸೈಕಲ್ ಹತ್ತಿದವನು ನನ್ನ ಕಿಟಕಿಯ ಮುಂದೆ ನಿಧಾನಿಸಿ, "ಹಾಜರಿ ಮೆಷಿನ್ನಿಗೆ ಜ್ವರ ಬಂದಿದೆಯಂತೆ, ಮದ್ದು ಕೊಟ್ಟು ಬರ್ತೀನಿ," ಅಂತ ಹೇಳಿಯೇ ಹೋದ.

ಅವನು ಗೇಟಿನ ಕಡೆಗೆ ಸೈಕಲ್ ತುಳಿಯುತ್ತಿದ್ದಾಗ ಚಿಕ್ಕೋನು ಕೆಳಗಿನಿಂದ ಫೋನು ಮಾಡಿದ್ದಾನೆ. ಪರದೆ ಕಾಯುವವನು ಅಂಕಿ ನೋಡಿ, ಕಟ್ಟಳೆ ಪ್ರಕಾರ ಓದಿ, "ಹಸಿರಿದೆ, ಹೋಗಪ್ಪ," ಅಂದಿದ್ದಾನೆ. ಅವನದೇನೂ ತಪ್ಪಿಲ್ಲ. ಚಿಕ್ಕೋನ ಜೊತೆಗಾರ ಸ್ಪ್ಯಾನರ್ ಮರೆತು ಹಿಂದೆ ಉಳಿದದ್ದರಿಂದ ಬದುಕಿದ. ಚಿಕ್ಕೋನು ಒಬ್ಬನೇ ಒಳಗೆ ಹೋದ. ಆ ಕೆಟ್ಟ ಗಾಳಿಗೆ ವಾಸನೆಯಿಲ್ಲ, ಕಣ್ಣುರಿಯಿಲ್ಲ. ಕಾಲು ಸೋಲುತ್ತದೆ, ಕೂರೋಣ ಅನ್ನಿಸುತ್ತದೆ, ಅಷ್ಟೇ.

ಆಫೀಸಿನಲ್ಲಿ ದೊಡ್ಡಣ್ಣ ಮೇಜಿನಡಿ ತೂರಿ ಆ ಕೇಬಲ್ ಕಿತ್ತ. ಗದ್ದಲ ನಿಂತಿತು. ಹಾಜರಿ ಮೆಷಿನ್ ಕೀ ಅಂತು, ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ಅದೇ ಕ್ಷಣ ಇತ್ತ ಕಂಟ್ರೋಲ್ ರೂಮಿನಲ್ಲಿ ಹಸಿರು ಅಂಕಿ ಒಮ್ಮೆಲೇ ಕೆಂಪಾಗಿ, ಸೈರನ್ ಕೂಗಿತು. ಕೈಯಲ್ಲಿದ್ದ ದೀಪ ಎಲ್ಲಿಟ್ಟೆನೋ ನೆನಪಿಲ್ಲ.

ಉಸಿರಾಟದ ಮುಖವಾಡ ಹಾಕಿಕೊಂಡವರು ಇಳಿದು ಚಿಕ್ಕೋನನ್ನು ಮೇಲೆ ತಂದರು. ಪಂಪಿಗೆ ಒರಗಿ ಕೂತಿದ್ದನಂತೆ, ದಣಿವಾರಿಸಿಕೊಳ್ಳುವ ಹಾಗೆ. ಸೈರನ್ ಕೇಳಿ ಗಣಿ ಬಾಯಿಗೆ ವಾಪಸು ಬಂದ ದೊಡ್ಡಣ್ಣ ಸೈಕಲ್ ಹಿಡಿದುಕೊಂಡೇ ನಿಂತಿದ್ದ. ಅವನಿಗೆ ಆಗಲೇ ಎಲ್ಲ ಅರ್ಥವಾಗಿತ್ತು. ಆ ಜಾಗದಲ್ಲಿ ಅರ್ಥವಾಗಿದ್ದವನು ಅವನೊಬ್ಬನೇ.

ವಿಚಾರಣೆಗೆ ದೊಡ್ಡ ಸಾಹೇಬರುಗಳು ಬಂದರು. ಎಲ್ಲರ ಕಣ್ಣೂ ಹಾಜರಿ ಗುಮಾಸ್ತರ ಮೇಲೆ. ಆ ಮನುಷ್ಯ ಗೋಡೆಗೊರಗಿ ಗಳಗಳ ಅಳುತ್ತಿದ್ದ. ದೊಡ್ಡಣ್ಣ ಎದ್ದು ನಿಂತ.

"ಅವ್ರು ತಪ್ಪು ಮಾಡಿದ್ದು ತಮ್ಮ ಕೋಣೇಲಿ ಸಾರ್. ಆ ತಪ್ಪು ಗುಡ್ಡ ದಾಟಿ ಹೋಗೋ ಹಾಗೆ ಮಾಡಿದ್ದು ನಾನು. ರೂಟ್ ಮಾಡಿದ್ರೆ ಹಾಜರಿ ಮೆಷಿನ್ ಒಂದೇ ನಿಲ್ತಿತ್ತು. ಹೊಸ ಪೆಟ್ಟಿಗೆನೂ ಬಂದಿತ್ತು. ನಾನೇ ಮಾಡ್ಲಿಲ್ಲ."

ಎಂಥ ಮನುಷ್ಯ, ಸತ್ಯ ಹೇಳಿದ ಅಂತ ಹೊರಗೆ ಜನ ಹೊಗಳಿದರು. ನನಗೆ ಮೈಯೆಲ್ಲ ಉರಿಯಿತು. ಆ ಸತ್ಯ ಕಟ್ಟಿಕೊಂಡು ನಾನೇನು ಮಾಡಲಿ? ಚಿಕ್ಕೋನ ಹೆಂಡತಿ ನನ್ನ ಪಕ್ಕದಲ್ಲೇ ಕೂತಿದ್ದಳು. ಅವನ ಒಂದೊಂದು ಮಾತನ್ನೂ ಕೇಳಿಸಿಕೊಂಡಳು.

ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಬೇರೆ ಯಾರಿಗೂ ಆ ಲೈನಿನ ತಲೆಬುಡ ತಿಳಿಯದು. ಮೊದಲು ಸರಿಮಾಡು, ಆಮೇಲೆ ನೋಡೋಣ ಅಂದರು. ಮುಂದಿನ ಭಾನುವಾರ ಅವನು ಹೊಸ ಪೆಟ್ಟಿಗೆ ಹೊತ್ತುಕೊಂಡು ಹೋದ.

ಮಧ್ಯಾಹ್ನ ಬಂದು ಕೈ ತೊಳೆದು ಕೂತ. ನಾನು ತಟ್ಟೆ ಇಡುವಷ್ಟರಲ್ಲಿ ಚಿಕ್ಕೋನ ಹೆಂಡತಿಯೇ ಸೌಟು ಹಿಡಿದು ಬಂದು ಬಡಿಸಿದಳು. ಅವನು ಒಂದು ತುತ್ತು ಉಂಡ.

"ಕೆಲ್ಸ ಆಯ್ತಾ ಭಾವ?"

"ಆಯ್ತಮ್ಮ."

"ಎಷ್ಟು ಹೊತ್ತು ಹಿಡೀತು?"

ಸುಳ್ಳು ಹೇಳು ಅಂತ ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ಇನ್ನೂ ಬಾಕಿಯಿದೆ, ವಾರವಿಡೀ ಆಗುತ್ತದೆ, ಏನಾದರೂ ಒಂದು ಹೇಳು. ಅವನು ನನ್ನ ಕಡೆ ನೋಡಲಿಲ್ಲ.

"ಬೆಳಿಗ್ಗೆ ತಿಂಡಿ ಆದ್ಮೇಲೆ ಹೋದ್ನಲ್ಲ. ಊಟದ ಹೊತ್ತಿಗೆ ಮುಗೀತು."

"ಅಷ್ಟೇನಾ?"

"ಅಷ್ಟೇಮ್ಮ."

ಅವಳು ಸೌಟು ಕೆಳಗಿಟ್ಟು ಅಲ್ಲೇ ಕುಸಿದು ಕೂತಳು. ಗಂಡನನ್ನು ಮಣ್ಣು ಮಾಡುವಾಗಲೂ ಒಂದು ಹನಿ ಕಣ್ಣೀರು ಹಾಕದವಳು ಅವತ್ತು ಎದೆ ಬಿರಿಯುವ ಹಾಗೆ ಅತ್ತಳು. ದೊಡ್ಡಣ್ಣ ತಟ್ಟೆಯಲ್ಲಿ ಕೈಯಿಟ್ಟುಕೊಂಡು, ಆ ಕೈ ಒಣಗುವವರೆಗೂ ಹಾಗೇ ಕೂತಿದ್ದ.