ಯಾರು ಯಾರಿಗೆ ಹೇಳುವ ಮಾತು

ಕೌಂಟರಿನಲ್ಲಿ ಕೂರುವ ಅಮ್ಮ ಕೆಲಸ ಬಿಡುತ್ತಾರೆಂಬ ಸುದ್ದಿ ಬಂದ ದಿನ, ಪುಟ್ಟಿ ಊಟದ ಡಬ್ಬಿಯನ್ನೂ ಬಿಚ್ಚದೆ, ರಟ್ಟು ಕಿತ್ತುಹೋದ ಸಣ್ಣ ಪುಸ್ತಕವೊಂದನ್ನು ಹಿಡಿದು ಇಸ್ತ್ರಿ ಕೋಣೆಗೆ ಬಂದಳು. ಒಗೆದ ಬೆಡ್‌ಶೀಟುಗಳ ರಾಶಿಯ ಮುಂದೆ ಅವಳ ವಾರಗಿತ್ತಿ, ಗಂಡನ ಅಣ್ಣನ ಹೆಂಡತಿ, ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ದೊಡ್ಡ ಹೋಟೆಲೊಂದರ ಲಾಂಡ್ರಿ ಅದು. ಗಂಡ ತೀರಿಕೊಂಡ ಮೇಲೆ ಹಿರಿಯವಳು ಮೊದಲು ಸೇರಿದ್ದಳು, ಆಮೇಲೆ ಮ್ಯಾನೇಜರಿಗೆ ಹೇಳಿ ಪುಟ್ಟಿಯನ್ನೂ ಸೇರಿಸಿದ್ದಳು. ಮದುವೆಯಾಗಿ ಮನೆ ತುಂಬಿದಾಗ ಇಟ್ಟ ಹೆಸರು ಪುಟ್ಟಿ. ಕೂದಲು ಬೆಳ್ಳಗಾದರೂ ಹೆಸರು ದೊಡ್ಡದಾಗಿರಲಿಲ್ಲ.

"ಅಕ್ಕಾ, ಈ ಇಂಗ್ಲಿಷಿನವರು ಬಾಯಲ್ಲಿ ಹೇಳೋದೊಂದು, ಅರ್ಥ ಇನ್ನೊಂದಂತೆ. ಕೇಕಿನ ತುಂಡು ಅಂದ್ರೆ ತಿನ್ನೋದಲ್ಲ, ಸುಲಭದ ಕೆಲಸ ಅಂತ."

"ನಾವೇನು ಕಡಿಮೆಯೇನೇ? ಗಂಡ ತಲೆ ತಿಂತಾನೆ ಅಂತ ದಿನಾ ಅಂತೀಯ. ತಲೆ ಇದ್ದಲ್ಲೇ ಇದೆಯಲ್ಲ. ಹಿಡಿ, ತುದಿ ಹಿಡಿ."

ನಗುವುದಕ್ಕೂ ತ್ರಾಣ ಬೇಕು. ಇಬ್ಬರಿಗೂ ಅಷ್ಟು ಉಳಿದಿರಲಿಲ್ಲ. ಪುಟ್ಟಿಯ ಮೊಣಕಾಲಿನ ಕೆಳಗೆ ನರಗಳು ಹಗ್ಗದಂತೆ ಉಬ್ಬಿಕೊಂಡಿದ್ದವು. ನಿಂತು ಮಾಡುವ ಕೆಲಸ ಬಿಡದಿದ್ದರೆ ಕಾಲೇ ಕೈಕೊಡುತ್ತದೆ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಆ ಲಾಂಡ್ರಿಯಲ್ಲಿ ಕೂತು ಮಾಡುವ ಕೆಲಸವಿದ್ದದ್ದು ಒಂದೇ, ಕೌಂಟರು. ಹೋಟೆಲಿನಲ್ಲಿ ಇಳಿದುಕೊಂಡವರು ಬಟ್ಟೆ ಕೊಡಲು, ಬೈಯಲು ಬರುವ ಜಾಗ. ಅವರ ಮಾತಿನಲ್ಲಿ ಇಂಥ ನುಡಿಗಟ್ಟುಗಳೇ ಹೆಚ್ಚು, ಅವು ತಿಳಿದು ತಕ್ಕ ಉತ್ತರ ಕೊಡಬಲ್ಲವರಿಗೆ ಕುರ್ಚಿ ಎಂದು ಮ್ಯಾನೇಜರು ಹೇಳಿದ್ದರು. ತಾವೇ ಪರೀಕ್ಷೆ ಮಾಡುವವರಿದ್ದರು. ಆ ಪುಸ್ತಕ ಕೌಂಟರಿನ ಅಮ್ಮ ಕೊಟ್ಟದ್ದು.

ಬೆಡ್‌ಶೀಟು ಮಡಚಲು ಇಬ್ಬರು ಬೇಕು. ಎರಡೆರಡು ಮೂಲೆ ಹಿಡಿದು ದೂರ ನಿಂತು ಕೊಡವಿ, ಎಳೆದು, ಆಮೇಲೆ ಎದುರುಬದುರು ನಡೆದು ಬಂದು ಕೈಗೆ ಕೈ ಕೂಡಿಸಬೇಕು. ಪಾಠ ನಡೆದದ್ದೂ ಹಾಗೆಯೇ. ದೂರ ನಿಂತಾಗ ಪುಟ್ಟಿ ಇಂಗ್ಲಿಷಿನಲ್ಲಿ ಹೇಳುವಳು, ಹತ್ತಿರ ಬಂದಾಗ ಅರ್ಥ. ಪುಸ್ತಕದ ಹಾಳೆಯನ್ನು ಬಟ್ಟೆಯ ಕ್ಲಿಪ್ಪಿನಿಂದ ಕಿಟಕಿಯ ಸರಳಿಗೆ ಸಿಕ್ಕಿಸಿರುತ್ತಿದ್ದಳು. ಹಬೆಗೆ ಅದು ಮೆತ್ತಗಾಗಿ ಜೋತುಬೀಳುತ್ತಿತ್ತು. ಹಿರಿಯವಳು ತನ್ನ ಭಾಷೆಯನ್ನೇ ಕೂಡಿಸಿ ಕೂಡಿಸಿ ಓದುವವಳು. ಆದರೂ ಕಿವಿಗೆ ಬಿದ್ದದ್ದು ಅವಳಿಗೆ ಮರೆಯದು. ಬಂದೂಕಿನ ಗುಂಡನ್ನು ಕಚ್ಚುವುದೆಂದರೆ ನೋವು ಸಹಿಸುವುದು ಎಂದು ಪುಟ್ಟಿ ಹೇಳಿದಾಗ, ನಾವು ಹಲ್ಲು ಕಚ್ಚುತ್ತೇವೆ, ಅದಾದರೆ ಸ್ವಂತದ್ದು, ಯಾರನ್ನೂ ಕೇಳಬೇಕಾಗಿಲ್ಲ ಎಂದಳು. ಒಂದು ದಿನ, ಗಮನವಿಟ್ಟು ಕೇಳುತ್ತೇನೆ ಅನ್ನುವುದಕ್ಕೆ ಅವರು ನಾನು ಪೂರ್ತಿ ಕಿವಿ ಅನ್ನುತ್ತಾರೆಂದು ಬಂತು. ನಮ್ಮ ಮೈಯೆಲ್ಲ ಕಿವಿ ಅಲ್ಲಿಗೆ ಯಾವಾಗ ಹೋಯಿತೋ ಎಂದು ಹಿರಿಯವಳು ಕೈಯಲ್ಲಿದ್ದ ತುದಿಯನ್ನೇ ಬಿಟ್ಟಳು.

ಆದರೆ ಪ್ರತಿಯೊಂದಕ್ಕೂ ಅವಳದೊಂದು ತಗಾದೆ ಇರುತ್ತಿತ್ತು: ಇದನ್ನ ಯಾರು ಯಾರಿಗೆ ಹೇಳಬಹುದು? ಪುಟ್ಟಿ ಕೈ ಝಾಡಿಸುವಳು. ಪುಸ್ತಕದಲ್ಲಿ ಅದೆಲ್ಲ ಬರೆದಿಲ್ಲ, ಅರ್ಥ ಗೊತ್ತಿದ್ದರೆ ಆಯಿತು.

ಹಿರಿಯವಳಿಗೆ ಹಳೆಯದು ನೆನಪಾಗುತ್ತಿತ್ತು. ಮದುವೆಯಾದ ಹೊಸದರಲ್ಲಿ, ಕನ್ನಡಕ ಎಲ್ಲಿ, ಚಪ್ಪಲಿ ಎಲ್ಲಿ ಎಂದು ಮಾವ ಒಂದೇ ಸಮನೆ ಕೇಳುತ್ತಿದ್ದಾಗ ಈ ಪುಟ್ಟಿ, "ಪ್ರಾಣ ಹಿಂಡಬೇಡಿ ಮಾವ" ಎಂದುಬಿಟ್ಟಿದ್ದಳು. ತವರಿನಲ್ಲಿ ತಮ್ಮನಿಗೆ ಹೇಳುತ್ತಿದ್ದ ಮಾತು. ಮಾವ ಮುಖ ಗಂಟಿಕ್ಕಿಕೊಂಡು ಎಷ್ಟೋ ದಿನ ಅವಳ ಕೈಯಿಂದ ನೀರು ಕೂಡ ತೆಗೆದುಕೊಳ್ಳಲಿಲ್ಲ. ನಡುವೆ ನಿಂತು ಲೋಟ ದಾಟಿಸಿದವಳು ಹಿರಿಯವಳೇ.

ಪರೀಕ್ಷೆಯ ದಿನ ಮ್ಯಾನೇಜರು ಗಿರಾಕಿಯ ಹಾಗೆ ಕೌಂಟರಿನ ಮುಂದೆ ನಿಂತು, ನನ್ನ ಕೋಟು ಎಲ್ಲಿ, ವಿಮಾನಕ್ಕೆ ಹೊತ್ತಾಯಿತು ಎಂದು ಮೇಜು ಕುಟ್ಟಿದರು. ಪುಟ್ಟಿ ನಗುತ್ತಲೇ, "ಹೋಲ್ಡ್ ಯುವರ್ ಹಾರ್ಸಸ್, ಸರ್" ಎಂದಳು. ಕುದುರೆ ಬಿಗಿಹಿಡಿ, ಅಂದರೆ ಅವಸರ ಬೇಡ, ತಾಳು. ಒಂದಕ್ಷರ ತಪ್ಪಿರಲಿಲ್ಲ. ಮ್ಯಾನೇಜರು ನಕ್ಕರಂತೆ. ಮಾತು ಬರುತ್ತದೆ, ಮಾತಿನ ಜಾಗ ಗೊತ್ತಿಲ್ಲ ಎಂದು ಹೇಳಿ ಕುರ್ಚಿಯನ್ನು ಮೇಜಿನ ಕೆಳಕ್ಕೆ ತಳ್ಳಿದರಂತೆ. ಕಾಡಿ ಬೇಡಿದ ಮೇಲೆ, ಕೌಂಟರಿನ ಅಮ್ಮ ಹೋಗುವ ಮುಂಚೆ ಇನ್ನೊಂದು ಸಲ ನೋಡೋಣ ಎಂದರಂತೆ.

ಇಸ್ತ್ರಿ ಕೋಣೆಗೆ ಬಂದವಳು ಒದ್ದೆ ಬಟ್ಟೆಯ ಬುಟ್ಟಿಯ ಮೇಲೆ ಕುಸಿದು ಕೂತಳು. ಪಾದ ಊದಿ ಚಪ್ಪಲಿಯ ಪಟ್ಟಿ ಚರ್ಮಕ್ಕೆ ಅಚ್ಚೊತ್ತಿತ್ತು.

"ಸರಿಯಾಗೇ ಹೇಳಿದೆ ಅಕ್ಕಾ."

"ಸರಿಯಾಗೇ ಹೇಳಿದೀಯ. ಅದು ದೊಡ್ಡವರು ಚಿಕ್ಕವರಿಗೆ ಹೇಳೋದು ಕಣೇ, ಇಲ್ಲಾ ಜೊತೆಗಾರರು ಜೊತೆಗಾರರಿಗೆ. ಕೋಟು ಕಾಯ್ತಿರೋನಿಗೆ ಬಟ್ಟೆ ಒಗೆಯೋಳು ಹೇಳೋದಲ್ಲ. ಮಾವನ ಲೋಟ ಮರೆತೆಯಾ?"

ಪುಟ್ಟಿ ಎದ್ದು ತುದಿ ಹಿಡಿದಳು.

ಆಮೇಲಿನ ದಿನಗಳಲ್ಲಿ ಪಾಠ ಮೊದಲಿನಿಂದ ಶುರುವಾಯಿತು. ಈಗ ಕೇಳುವವಳು ಪುಟ್ಟಿ. ಇದನ್ನ ಮಾವನಿಗೆ ಹೇಳಬಹುದಾ ಅಕ್ಕ? ಇದನ್ನ ನಾದಿನಿಗೆ? ಹಿರಿಯವಳು ಕಣ್ಣುಮುಚ್ಚಿ ತುಂಬಿದ ಮನೆಯೊಂದನ್ನು ಮನಸ್ಸಿನಲ್ಲಿ ಕೂರಿಸಿಕೊಂಡು, ಒಂದೊಂದು ಮಾತನ್ನು ಒಬ್ಬೊಬ್ಬರ ಮುಂದೆ ಇಟ್ಟು ನೋಡಿ ಹೇಳುವಳು. ಇದು ಗಂಡನಿಗೆ ಸರಿ, ಜಗಳದಲ್ಲಿ. ಇದು ಮಕ್ಕಳಿಗೆ. ಇದು ಯಾರಿಗೂ ಬೇಡ, ಮನಸ್ಸಿನಲ್ಲೇ ಅಂದುಕೋ. ಪೂರ್ತಿ ಕಿವಿ ಅನ್ನುವ ಮಾತು ಬಂದಾಗ, ಇದನ್ನ ಚಿಕ್ಕವರು ದೊಡ್ಡವರಿಗೆ ಧಾರಾಳವಾಗಿ ಹೇಳಬಹುದು, ಕೇಳಿದವರ ಸಿಟ್ಟು ಅರ್ಧ ಇಳಿಯುತ್ತೆ ಎಂದಳು. ಹೇಳುತ್ತ ಹೇಳುತ್ತ ಅವಳಿಗೆ ಸಾಕುಸಾಕಾಗುತ್ತಿತ್ತು. ಸಂಜೆ ಬಸ್ಸಿನಲ್ಲಿ ಇಬ್ಬರೂ ಒಬ್ಬರ ಹೆಗಲಿಗೊಬ್ಬರು ಒರಗಿ ತೂಕಡಿಸುವರು.

ಎರಡನೆಯ ಸಲ ಮ್ಯಾನೇಜರು ಬಾಯಿಗೆ ಬಂದಂತೆ ಕೂಗಾಡಿದರು. ಪುಟ್ಟಿ ಎದ್ದುನಿಂತು, ಹೇಳಿ ಸರ್, ನಾನು ಪೂರ್ತಿ ಕಿವಿ ಎಂದು ಅವರ ಭಾಷೆಯಲ್ಲೇ ಹೇಳಿ, ಮುಗಿಯುವ ತನಕ ಕೇಳಿಸಿಕೊಂಡಳು. ಕುರ್ಚಿ ಸಿಕ್ಕಿತು.

ಕೋಣೆಯಲ್ಲಿ ಅವಳ ಕಡೆಯ ದಿನ ಎಂದಿಗಿಂತ ದೊಡ್ಡ ರಾಶಿ ಬಿದ್ದಿತ್ತು. ಇಬ್ಬರೂ ಮಡಚುತ್ತಲೇ ಹೋದರು. ಹಿರಿಯವಳಿಗೆ ಸಂತೋಷವೇ ಆಗಿತ್ತು. ಆದರೆ ಕೈಕಾಲು ಸೋತು, ಸಂತೋಷ ಮುಖದವರೆಗೆ ಬರುತ್ತಿರಲಿಲ್ಲ. ನಾಳೆ ಊಟದ ಹೊತ್ತಿಗೆ ಮೇಲೆ ಬಂದು ಕುರ್ಚಿ ಹೇಗಿದೆ ನೋಡ್ತೀನಿ ಕಣೇ ಪುಟ್ಟಿ ಎಂದಳು.

ಕೊನೆಯ ಬೆಡ್‌ಶೀಟಿನಲ್ಲಿ ಎದುರುಬದುರಾಗಿ, ಕೈಗೆ ಕೈ ಕೂಡಿದಾಗ, ಪುಟ್ಟಿ ತುದಿಯನ್ನು ಕೊಡದೆ ಹಾಗೇ ಹಿಡಿದುಕೊಂಡಳು. ಕಣ್ಣು ಬಟ್ಟೆಯ ಮೇಲಿತ್ತು.

"ಅಕ್ಕಾ, ಒಂದು ಕೇಳ್ತೀನಿ, ತಪ್ಪು ತಿಳೀಬೇಡಿ. ಮನೇಲಿ ಏನಾದ್ರೂ ಕರೀರಿ. ಕೌಂಟರ್ ಹತ್ರ ಬಂದಾಗ ಮಾತ್ರ ಪುಟ್ಟಿ ಅನ್ನಬೇಡಿ. ಮೇಡಂ ಅನ್ನಿ."