ಬೆಲ್ಲನಿಗೆ ಬಾಯಾರಿದ ದಿನಗಳು

ಫೆಬ್ರವರಿಯ ಒಂದು ಸಂಜೆ ಗುಬ್ಬಿಯ ಶಾಲೆಯಿಂದ ಮನೆಗೆ ಬಂದಾಗ ಹಾಲ್‌ನಲ್ಲಿ ಉಚ್ಚೆ ಹರಿದಿತ್ತು. ಬೆಲ್ಲ ಅದರ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದ. ಹದಿಮೂರು ವರ್ಷದಲ್ಲಿ, ಮರಿಯಾಗಿದ್ದಾಗ ಬಿಟ್ಟರೆ, ಅವನು ಮನೆಯೊಳಗೆ ಹಾಗೆ ಮಾಡಿರಲಿಲ್ಲ.

ಬೈದೆ. ಒರೆಸಿದೆ. ಮಾರನೆಯ ದಿನವೂ ಅದೇ ಆಯಿತು.

ಬೆಲ್ಲ ನಾಟಿ ನಾಯಿ. ಬಣ್ಣ ನೋಡಿ ನನ್ನ ಅತ್ತೆ ಇಟ್ಟ ಹೆಸರದು. ತುಮಕೂರಿನ ಮನೆಯಲ್ಲಿ ನಾವು ಮೂವರು: ನಾನು, ಕುಣಿಗಲ್‌ನ ಕಚೇರಿಯೊಂದರಲ್ಲಿ ಕೆಲಸ ಮಾಡುವ ನನ್ನ ಗಂಡ, ಎಂಬತ್ತರ ಹತ್ತಿರವಿರುವ ಅತ್ತೆ. ಹಗಲೆಲ್ಲ ನಾವಿಬ್ಬರೂ ಹೊರಗೆ. ಮನೆಯಲ್ಲಿ ಅತ್ತೆ ಮತ್ತು ಬೆಲ್ಲ.

ಅವನು ನೀರು ಕುಡಿಯುವುದು ಹೆಚ್ಚಾಗಿದ್ದು ನನಗೆ ಗೊತ್ತಿತ್ತು. ಬಟ್ಟಲು ತುಂಬಿಸಿದಷ್ಟೂ ಖಾಲಿ ಮಾಡುತ್ತಿದ್ದ. ಕುಡಿದರೆ ತಾನೇ ಉಚ್ಚೆ ಹೊಯ್ಯುವುದು ಅಂದುಕೊಂಡೆ. ಬೆಳಿಗ್ಗೆ ಹೊರಡುವಾಗ ಬಟ್ಟಲನ್ನು ಅಡುಗೆಮನೆಯ ಮೇಲಿನ ಶೆಲ್ಫಿಗೆ ಎತ್ತಿಟ್ಟು, ನಾನು ಬರುವ ತನಕ ನೀರು ಕೊಡಬೇಡಿ ಎಂದು ಅತ್ತೆಗೆ ಹೇಳಿ ಬಸ್ಸು ಹಿಡಿಯತೊಡಗಿದೆ. ಸಂಜೆ ಬಂದಾಗ ನೆಲ ಒಣಗಿರುತ್ತಿತ್ತು. ನನ್ನ ಉಪಾಯ ಫಲಿಸಿತೆಂದು ಒಳಗೊಳಗೇ ಬೀಗಿದೆ.

ನಾನು ವಿಜ್ಞಾನದ ಟೀಚರ್. ಪ್ರತಿ ವರ್ಷ ಬೋರ್ಡಿನ ಮೇಲೆ ಕಿಡ್ನಿಯ ಚಿತ್ರ ಬರೆದು ಪಾಠ ಮಾಡುವವಳು.

ಎರಡು ತಿಂಗಳು ಹೀಗೇ ನಡೆಯಿತು. ಏಪ್ರಿಲ್ ಶುರುವಿನಲ್ಲಿ, ಬೇಸಿಗೆ ರಜೆಗೆ ಮುಂಚೆ, ಬೆಲ್ಲ ಊಟ ಬಿಟ್ಟ. ವಾಂತಿ ಮಾಡಿಕೊಂಡ. ಬಾಯಿಂದ ಏನೋ ಕೆಟ್ಟ ವಾಸನೆ. ಭಾನುವಾರ ಗಂಡ ಅವನನ್ನು ಎತ್ತಿಕೊಂಡರು, ಕ್ಲಿನಿಕ್ಕಿಗೆ ಹೋದೆವು. ಡಾಕ್ಟರ್ ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬ್ಲಡ್ ಟೆಸ್ಟ್ ರಿಪೋರ್ಟ್ ನೋಡಿ, ಕ್ರಿಯಾಟಿನಿನ್ ತುಂಬ ಮೇಲಿದೆ, ಎರಡೂ ಕಿಡ್ನಿ ಹೆಚ್ಚುಕಡಿಮೆ ನಿಂತಿವೆ ಎಂದರು. ಯಾವಾಗಿನಿಂದ ನೀರು ಜಾಸ್ತಿ ಕುಡಿಯುತ್ತಿದ್ದ ಎಂದು ಕೇಳಿದರು. ಒಂದು ವಾರದಿಂದ ಎಂದೆ.

"ನೀರು ಏನಾದ್ರೂ ಕಮ್ಮಿ ಮಾಡಿದ್ರಾ ಮೇಡಂ? ಗಲೀಜು ಮಾಡುತ್ತೆ ಅಂತ ಕೆಲವ್ರು ಕೊಡಲ್ಲ. ಈ ಕಾಯಿಲೇಲಿ ಹಂಗೆ ಮಾಡ್ಲೇಬಾರ್ದು."

ಇಲ್ಲ ಎಂದೆ.

ಗಂಡ ನನ್ನ ಮುಖ ನೋಡಲಿಲ್ಲ. ಬೆಲ್ಲನ ಕಿವಿ ಸವರುತ್ತಾ ನಿಂತರು.

ಮನೆಗೆ ಬಂದು ಅಡುಗೆಮನೆಯಲ್ಲಿ ನಿಂತು ಅತ್ತೆಗೆ ಎಲ್ಲ ಹೇಳಿದೆ. ಡಾಕ್ಟರಿಗೆ ಸುಳ್ಳು ಹೇಳಿದ್ದನ್ನೂ ಹೇಳಿದೆ.

"ನಾನು ಕೊಡ್ತಿದ್ದೆ ಕಣಮ್ಮ, ನೀನು ಹೋದ್ಮೇಲೆ," ಎಂದರು. "ಮಂಡಿ ನೋವು, ಬಗ್ಗಕ್ಕಾಗಲ್ಲ. ಒಂದೋ ಎರಡೋ ಲೋಟ ಅಷ್ಟೇ. ಉಚ್ಚೇನೂ ಹಳೇ ಸೀರೆ ಹಾಕಿ ಕಾಲಲ್ಲೇ ಒರೆಸ್ತಿದ್ದೆ."

ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಭಯ ಆಗ್ತಿತ್ತು, ನಿನ್ನ ಕಂಡ್ರೆ."

ಅವರು ಇದನ್ನು ದೂರಿನಂತೆ ಹೇಳಲಿಲ್ಲ. ಮಂಡಿ ನೋವಿನ ವಿಷಯ ಹೇಳಿದ ಹಾಗೆಯೇ ಹೇಳಿದರು. ಇಪ್ಪತ್ತೆರಡು ವರ್ಷ ಒಂದೇ ಮನೆಯಲ್ಲಿದ್ದೇವೆ. ನಾನು ಯಾರ ಮೇಲೂ ಕೈ ಮಾಡಿದವಳಲ್ಲ, ದನಿ ಏರಿಸಿದ್ದೂ ಕಡಿಮೆ. ಆದರೂ ನನ್ನ ಮನೆಯಲ್ಲಿ ಒಬ್ಬ ಮುದುಕಿ ಒಂದು ಮುದಿ ನಾಯಿಗೆ ಕದ್ದು ನೀರು ಕೊಡಬೇಕಾಗಿತ್ತು. ರಿಪೋರ್ಟ್ ಕೇಳಿದಾಗ ಬರದ ಅಳು ಆಗ ಬಂತು.

ಕ್ಲಿನಿಕ್ಕಿನಲ್ಲಿ ಬೆಲ್ಲನಿಗೆ ಐದು ದಿನ ಡ್ರಿಪ್ ಹಾಕಿದರು. ರಜೆ ಹಾಕಿ ಪಕ್ಕದಲ್ಲಿ ಕೂತೆ. ಮನೆಯಲ್ಲಿ ಎಲ್ಲೆಂದರಲ್ಲಿ ನೀರಿಟ್ಟೆ. ಅವನಿಗೆ ಈಗ ನೀರು ಬೇಡವಾಗಿತ್ತು. ಆರನೆಯ ದಿನ ಹಿಂಗಾಲು ನಿಲ್ಲಲಿಲ್ಲ. ಇನ್ನು ಎಳೆದಾಡಿಸುವುದು ಬೇಡ, ಇಂಜೆಕ್ಷನ್ ಕೊಟ್ಟು ನೋವಿಲ್ಲದೆ ಮಲಗಿಸಿಬಿಡೋಣ ಎಂದು ಡಾಕ್ಟರೇ ಹೇಳಿದರು. ಇಂಜೆಕ್ಷನ್‌ಗೆ ಮೊದಲು ಅವರಿಗೆ ನಿಜ ಹೇಳಿದೆ: ಕುಡಿಯುವುದು ಹೆಚ್ಚಾಗಿ ಎರಡು ತಿಂಗಳಾಗಿತ್ತು, ನಾನೇ ಬಟ್ಟಲು ಎತ್ತಿಡುತ್ತಿದ್ದೆ. ಅವರು ಸಿರಿಂಜ್ ಕೆಳಗಿಟ್ಟರು.

"ಕಿಡ್ನಿ ಮೊದಲೇ ಹೋಗಿತ್ತು ಮೇಡಂ. ಆದ್ರೆ ನೀರು ಕೊಡದೇ ಇದ್ದಿದ್ರಿಂದ ಏನೂ ಆಗ್ಲಿಲ್ಲ ಅಂತ ನಾನು ಹೇಳಕ್ಕಾಗಲ್ಲ."

ಸಮಾಧಾನದ ಸುಳ್ಳು ಹೇಳದೇ ಇದ್ದುದಕ್ಕೆ ಅವರಿಗೆ ಇವತ್ತಿಗೂ ಋಣಿ.

ಬೆಲ್ಲನ ತಲೆ ನನ್ನ ತೊಡೆಯ ಮೇಲಿತ್ತು. ಉಸಿರು ನಿಂತಿದ್ದು ನನಗೆ ತಿಳಿಯಲೇ ಇಲ್ಲ, ಡಾಕ್ಟರ್ ಸ್ಟೆತಸ್ಕೋಪ್ ಇಟ್ಟು ನೋಡಿ ಹೇಳಬೇಕಾಯಿತು. ಕುಣಿಗಲ್ ಹತ್ತಿರ ನನ್ನ ಭಾವನ ತೋಟದಲ್ಲಿ ಮಣ್ಣು ಮಾಡಿದೆವು.

ಒಂದು ತಿಂಗಳು ಕಳೆದಿರಬೇಕು. ಬೆಳಿಗ್ಗೆ ಕಾಫಿ ಕೊಡಲು ಹೋದಾಗ ಅತ್ತೆ ಹಾಸಿಗೆಯಿಂದ ಏಳಲಿಲ್ಲ. ಗೋಡೆ ಕಡೆ ನೋಡುತ್ತಾ ಹೇಳಿದರು.

"ನಂಗೂ ತಡ್ಕೊಳ್ಳಕ್ಕಾಗಲ್ಲ ಕಣಮ್ಮ, ಎದ್ದು ಹೋಗೋ ಅಷ್ಟ್ರಲ್ಲಿ ಆಗೋಗುತ್ತೆ. ಅದಕ್ಕೇ ನೀರು ಕುಡಿಯೋದೇ ಕಮ್ಮಿ ಮಾಡ್ಬಿಟ್ಟಿದೀನಿ."

ಎಷ್ಟು ದಿನದಿಂದ ಎಂದೆ. ಯುಗಾದಿಗೂ ಮುಂಚಿನಿಂದ ಎಂದರು.

ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಯೂರಿನ್ ಇನ್ಫೆಕ್ಷನ್ ಇತ್ತು. ಮಾತ್ರೆಯಿಂದ ಸುಮಾರಾಗಿದೆ, ಪೂರ್ತಿ ನಿಂತಿಲ್ಲ. ವಯಸ್ಸಾಗಿದೆ, ನಿಲ್ಲದೆಯೂ ಇರಬಹುದು. ಈಗ ಹಾಸಿಗೆ ಒದ್ದೆಯಾದರೆ ನನ್ನನ್ನು ಕೂಗುತ್ತಾರೆ. ಮೊನ್ನೆ ಕೂಗಿದಾಗ ನಾನು ಚಪ್ಪಲಿ ಮೆಟ್ಟಿ ಹೊರಟು ನಿಂತಿದ್ದೆ. ಒಳಗೆ ಹೋಗಿ ಬೆಡ್‌ಶೀಟ್ ತೆಗೆದು, ಅವರಿಗೆ ಮೈ ತೊಳೆಯಲು ಬಿಸಿನೀರು ಬೆರೆಸಿಕೊಟ್ಟು, ಬೇರೆ ಸೀರೆ ಉಡಿಸುವಷ್ಟರಲ್ಲಿ ಬಸ್ಸು ಹೋಗಿತ್ತು. ಸೆರಗು ಸರಿಮಾಡುವಾಗ ಅವರ ಮುಖ ನೋಡಿದೆ. ಭಯ ಇನ್ನೂ ಸ್ವಲ್ಪ ಇತ್ತು.

ಮೊದಲಿನಷ್ಟು ಇರಲಿಲ್ಲ.