ಕಪ್ಪು ಬಳಿದ ಗ್ಯಾಸ್ ಟ್ಯಾಂಕು

ಕಪ್ಪು ಬಣ್ಣದ ಡಬ್ಬಿ ಪುಕ್ಕಟೆ ಸಿಕ್ಕಿತ್ತು. ಅದಕ್ಕೆ ನಾವು ತೆತ್ತದ್ದು ಒಂದು ವಾರದ ಬಿಸಿನೀರು, ಒಲೆಯ ಉರಿ, ಹಸುಗೂಸು ಮಲಗುವ ಕೋಣೆಯ ಬಿಸುಪು. ಮನೆ ಮಾಲೀಕನಿಗೆ ಹಿತ್ತಲಿನ ಬಿಳಿ ಟ್ಯಾಂಕು ನೋಡಲು ಅಸಹ್ಯ ಅನ್ನಿಸಿತ್ತು, ಅಷ್ಟೇ ಕಾರಣ. ಇವತ್ತು ನೆನೆದರೂ ನನಗೆ ಮೈ ಉರಿಯುತ್ತದೆ.

ತುಮಕೂರಿನಲ್ಲಿ ಸಿಲಿಂಡರ್ ಹೆಗಲ ಮೇಲೆ ಬರುತ್ತಿತ್ತು. ಇಲ್ಲಿ, ಐರ್ಲೆಂಡಿನ ನೇಸ್ ಊರಾಚೆಯ ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ ಎಮ್ಮೆ ಗಾತ್ರದ ಉಕ್ಕಿನ ಟ್ಯಾಂಕು ಕೂತಿದೆ. ಲಾರಿ ಬಂದು ಪೈಪು ಹಾಕಿ ಗ್ಯಾಸ್ ತುಂಬಿಸಿ ಹೋಗುತ್ತದೆ. ಅಡುಗೆ, ಸ್ನಾನ, ಮನೆ ಬೆಚ್ಚಗಿಡುವ ಹೀಟಿಂಗ್, ಎಲ್ಲ ಅದರಿಂದಲೇ. ಊರಲ್ಲಿ ಮನೆಮನೆಗೆ ಸೀರೆ ಹೊತ್ತು ಮಾರಿ ಬದುಕು ಕಟ್ಟಿಕೊಂಡವಳು ನಾನು. ಈ ಮನೆಯ ಬಾಡಿಗೆಯನ್ನೂ ಚೌಕಾಸಿ ಮಾಡಿಯೇ ಇಳಿಸಿದ್ದೆ. ಆದರೆ ಕೊರೊನಾ ಲಾಕ್‌ಡೌನ್ ಹೊತ್ತಿಗೆ ನಾನು ಬಾಣಂತಿ. ವಿಮಾನ ನಿಂತು ಅಮ್ಮ ಬರಲಾಗಲಿಲ್ಲ. ವಿಡಿಯೋ ಕಾಲಿನಲ್ಲಿ ಅಮ್ಮ ಹೇಳಿದಂತೆ ನನ್ನ ಗಂಡ ಮಂಜು ಮಗುವಿಗೆ ಎಣ್ಣೆ ಹಚ್ಚಿ, ಬಿಸಿನೀರು ಹೊಯ್ಯುತ್ತಿದ್ದರು.

ಆಗಲೇ ಮಾಲೀಕ ಬ್ರೆಂಡನ್ ಗೋಡೆಯಾಚೆ ನಿಂತು, ಗೇಟಿಗೆ ಬಳಿದು ಉಳಿದ ಕಪ್ಪು ಬಣ್ಣ ಶೆಡ್ಡಿನಲ್ಲಿದೆ, ಟ್ಯಾಂಕಿಗೆ ಹಚ್ಚಿಬಿಡಿ ಎಂದು ಹೇಳಿ ಹೋದ. ಇವರು ಎರಡು ಕೋಟ್ ಹಚ್ಚಿ ಮುಗಿಸಿದ ಮೇಲೆ ನಾನು ಕಿಟಕಿಯಿಂದ ನೋಡಿದ್ದು.

"ಯಾರನ್ನ ಕೇಳಿ ಬಳಿದ್ರಿ?"

"ಊರಲ್ಲಿ ತಾರಸಿ ಮೇಲಿನ ಟ್ಯಾಂಕ್ ಕಪ್ಪಿರ್ಲಿಲ್ವೇನೇ? ಬಿಸ್ಲಿಗೆ ಪುಕ್ಕಟೆ ಬಿಸಿನೀರು ಬರ್ತಿತ್ತು."

"ಅದ್ರಲ್ಲಿದ್ದಿದ್ದು ನೀರು ಕಣ್ರೀ. ಇದ್ರಲ್ಲಿರೋದು ಗ್ಯಾಸು."

"ಓನರೇ ಗ್ರ್ಯಾಂಡ್ ಅಂದ್ರು, ಬಿಡು."

ಗ್ರ್ಯಾಂಡ್ ಎಂದರೆ ಇಲ್ಲಿ 'ಪರವಾಗಿಲ್ಲ' ಎಂದರ್ಥ. ಮಳೆ ಬಂದರೂ ಗ್ರ್ಯಾಂಡ್, ಸೂರು ಸೋರಿದರೂ ಗ್ರ್ಯಾಂಡ್.

ಗ್ಯಾಸ್ ತಳ ಮುಟ್ಟಿದಾಗ ಲಾರಿ ಬಂತು. ಅವತ್ತು ಬಿಸಿಲಿತ್ತು. ಡ್ರೈವರ್ ಟ್ಯಾಂಕಿನ ಮೇಲೆ ಅಂಗೈ ಇಟ್ಟವನೇ ತೆಗೆದ. ಕಪ್ಪು ಬಣ್ಣ ಬಿಸಿಲನ್ನು ಹೀರುತ್ತದೆ, ಒಳಗೆ ಒತ್ತಡ ಏರುತ್ತದೆ, ತೀರಾ ಏರಿದರೆ ಸುರಕ್ಷತೆಯ ವಾಲ್ವ್ ತೆರೆದು ಗ್ಯಾಸ್ ಹೊರಗೆ ಚಿಮ್ಮುತ್ತದೆ, ಹತ್ತಿರ ಒಂದು ಕಿಡಿ ಸಾಕು ಎಂದ. ಐರ್ಲೆಂಡಿನ ಬಿಸಿಲಿಗೆ ಅಷ್ಟಾಗುವುದು ಅಪರೂಪವಂತೆ. ಆದರೂ ಬಿಳಿ ಬಳಿಯುವ ತನಕ ತುಂಬಿಸುವಂತಿಲ್ಲ, ಕಂಪನಿಯ ನಿಯಮ ಎಂದು ಪೈಪು ಸುತ್ತಿಕೊಂಡು ಹೊರಟೇಹೋದ.

ಮರುದಿನವೇ ಒಲೆ ಆರಿತು. ಮೇ ತಿಂಗಳಾದರೂ ಇಲ್ಲಿ ರಾತ್ರಿ ಹಲ್ಲು ಕಟಕಟಿಸುವ ಚಳಿ. ಕರೆಂಟಿನ ಕೆಟಲ್ಲಿನಲ್ಲಿ ನೀರು ಕಾಯಿಸಿ ಮಗುವಿನ ಮೈ ಒರೆಸಿದೆವು. ಲಾಕ್‌ಡೌನಿನಲ್ಲಿ ಮನೆಯಿಂದ ಐದು ಕಿಲೋಮೀಟರ್ ದಾಟುವಂತಿಲ್ಲ, ಬಣ್ಣದಂಗಡಿ ಮುಚ್ಚಿದೆ. ದಿನಾ ಫೋನ್ ಮಾಡಿದರೂ ಬ್ರೆಂಡನ್ ಎತ್ತಲಿಲ್ಲ. ವಾರದ ಕೊನೆಗೆ ಎತ್ತಿದವನು, ಬಳಿದವರು ನೀವು, ಸರಿಮಾಡಿಸುವವರೂ ನೀವೇ ಎಂದ. ಮಂಜು ಸಾರಿ ಹೇಳಲು ಬಾಯಿ ತೆರೆದರು. ನಾನು ಫೋನ್ ಕಿತ್ತುಕೊಂಡೆ.

ಮಗುವನ್ನು ಹೆಗಲಿಗೆ ಹಾಕಿಕೊಂಡೇ, ನನಗೆ ಬಂದ ಇಂಗ್ಲಿಷಿನಲ್ಲೇ ಹೇಳಿದೆ: "ಟ್ಯಾಂಕು ಗ್ಯಾಸ್ ಕಂಪನಿಯದು, ಬ್ರೆಂಡನ್. ಕರಾರು ನಿನ್ನ ಹೆಸರಲ್ಲಿದೆ. ಬಣ್ಣ ಕೊಟ್ಟೋರು ಯಾರು ಅಂತ ಅವರಿಗೆ ನಾನು ಹೇಳ್ಲಾ, ನೀನೇ ಹೇಳ್ತೀಯಾ?"

ಬ್ರೆಂಡನ್ ಫೋನ್ ಇಟ್ಟುಬಿಟ್ಟ. ಅವತ್ತೇ ಮಧ್ಯಾಹ್ನ, ಕಂಪನಿಯವರು ಹೇಳಿದ ಬಿಳಿ ಬಣ್ಣ ಎಲ್ಲಿಂದಲೋ ತಂದು, ಮಾಸ್ಕ್ ಹಾಕಿಕೊಂಡು ತಾನೇ ಬಳಿದ. ನಾನು ಟೀ ಕೊಡಲಿಲ್ಲ. ಊರಲ್ಲಾಗಿದ್ದರೆ ಜಗಳ ಆಡಿಯಾದರೂ ಕೊಡುತ್ತಿದ್ದೆ. ಕೆಟಲ್ಲಿನ ಬಿಸಿನೀರು ಮಗುವಿಗೇ ಸಾಲದ ಮನೆಯಲ್ಲಿ ಎಂಥ ಟೀ?

ಮಾರನೆಯ ದಿನ ಲಾರಿ ಬಂತು, ಮಗಳಿಗೆ ನಿಜವಾದ ಬಿಸಿನೀರಿನ ಸ್ನಾನವಾಯಿತು. ಈಗ ಅಮ್ಮ ತಾರಸಿಯಿಂದ ವಿಡಿಯೋ ಕಾಲ್ ಮಾಡಿದಾಗ ಹಿಂದಿನ ಕಪ್ಪು ನೀರಿನ ಟ್ಯಾಂಕು ಕಂಡರೆ ಎದೆ ಝಲ್ಲೆನ್ನುತ್ತದೆ. ಇಲ್ಲಿ ಹಿತ್ತಲಿನ ಬಿಳಿ ಟ್ಯಾಂಕು ಕಂಡರೆ ಸಿಟ್ಟು ಬರುತ್ತದೆ. ಎರಡೂ ನನ್ನ ಮನೆಯೇ, ಎರಡರಲ್ಲೂ ನಿಶ್ಚಿಂತೆಯಿಲ್ಲ.

ಇಲ್ಲಿಗೆ ಬರುವವರಿಗೆ ನನ್ನ ಮಾತು ಇಷ್ಟೇ. ಗ್ಯಾಸ್ ಟ್ಯಾಂಕಿಗೆ ಗಾಢ ಬಣ್ಣ ಬೇಡವೇ ಬೇಡ. ನಿಮ್ಮದೇ ಟ್ಯಾಂಕಾದರೂ ಮೊದಲು ಗ್ಯಾಸ್ ತುಂಬುವವರನ್ನು ಕೇಳಿ, ಬಿಳಿಯನ್ನೇ ಹಚ್ಚಿ. ವಾಲ್ವಿಗೂ, ವಿವರ ಕೆತ್ತಿದ ಫಲಕಕ್ಕೂ ಬಣ್ಣ ತಾಗದಿರಲಿ. ಮನೆ ನೋಡಲು ಹೋದಾಗ ಕೋಣೆ ಎಷ್ಟು ದೊಡ್ಡದು ಎನ್ನುವ ಮೊದಲು ಹಿತ್ತಲಿಗೆ ಹೋಗಿ, ಟ್ಯಾಂಕು ಯಾರದು ಎಂದು ಕೇಳಿ. ಗ್ರ್ಯಾಂಡ್ ಎಂದರೆ ಅಲ್ಲಿಂದ ಕದಲಬೇಡಿ, ಇನ್ನೊಮ್ಮೆ ಕೇಳಿ.